ಮೀನುಗಳಿಗೆ ತೋರಿಸಿದ ಊರು

ಕಳೆದ ತಿಂಗಳು ಮನೆಯ ಗೇಟಿಗೆ ಬಣ್ಣ ತರಲೆಂದು ಕುಮಟಾ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ನಾನು ಕೇಳಿದ್ದು ಕಂದು. ಅಂಗಡಿಯವರು ಗಡಿಬಿಡಿಯಲ್ಲಿ ಬೇರೆ ಡಬ್ಬಿಯ ಮುಚ್ಚಳ ಮೀಟಿ ನನ್ನ ಮುಂದೆ ಹಿಡಿದರು. ಒಳಗೆ ಕಿತ್ತಳೆ. ಟರ್ಪೆಂಟೈನಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಕೈ ಕೌಂಟರಿನ ಅಂಚನ್ನು ಹಿಡಿದುಕೊಂಡವು. ನಾನು ಹಿಡಿಯಲಿಲ್ಲ, ಅವೇ ಹಿಡಿದುಕೊಂಡವು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

"ಎಂತ ಆತು ಸರ್? ತಲೆ ತಿರಗ್ತದ್ಯಾ?" ಅಂದರು ಅಂಗಡಿಯವರು.

"ಎಂತ ಇಲ್ಲ. ಇದೇ ಇರಲಿ, ಕೊಡಿ" ಅಂದೆ.

ಹಿಡಿದ ಅಂಚನ್ನು ಬಿಡಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಅಷ್ಟರಲ್ಲಿ ಒಂದು ಅಲೆ ಬಂದು ಹೋಗಿತ್ತು. ಇಷ್ಟು ವರ್ಷಗಳಾದರೂ ಅದು ಹೀಗೆಯೇ ಬರುತ್ತದೆ, ಹೇಳದೆ ಕೇಳದೆ, ಎಡಗಡೆಯಿಂದ...

ನಾನು ಬೆಳೆದದ್ದು ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಕಡೆಯ ಮೀನುಗಾರರ ಮನೆಗಳ ಸಾಲಿನಲ್ಲಿ. ನಮ್ಮ ಮನೆಯಿಂದ ಮೂರನೆಯದು ಅವರದು. ರಕ್ತಸಂಬಂಧ ಏನೂ ಇರಲಿಲ್ಲ. ಆದರೂ ನಮಗೆಲ್ಲ ಅವರು ಬಣ್ಣದ ಮಾವ, ಒಣಮೀನು ಮಾರುತ್ತಿದ್ದ ಅವರ ಹೆಂಡತಿ ಅತ್ತೆ. ಮಾವ ಮೊದಲು ಭಟ್ಕಳದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರಂತೆ. ಕನ್ನಡವೂ ಉರ್ದುವೂ ಒಂದೇ ಕೈಯಲ್ಲಿ ಚೆಂದಕ್ಕೆ ಇಳಿಯುತ್ತಿತ್ತು. ಆಮೇಲೆ ಊರಿಗೆ ಬಂದು ದೋಣಿಗಳಿಗೆ ಬಣ್ಣ ಹಚ್ಚಲು ಕೂತರು. ಮಳೆಗಾಲದಲ್ಲಿ ದೋಣಿಗಳನ್ನೆಲ್ಲ ದಡಕ್ಕೆ ಎಳೆದು, ದಿಮ್ಮಿಗಳ ಮೇಲೆ ಕೂರಿಸಿ, ಸುತ್ತ ತೆಂಗಿನ ಮಡಲು ಕಟ್ಟಿ ಮುಚ್ಚುವುದು ನಮ್ಮಲ್ಲಿ ರೂಢಿ. ಆ ಮಡಲಿನ ಮರೆಯಲ್ಲಿ ಮೂರು ತಿಂಗಳು ಅವರ ಕೆಲಸ.

ಕೆಲಸ ಅಂದರೆ ಹೇಳಿದ್ದನ್ನು ಮಾಡುವುದು. ದೋಣಿಯ ಮೂತಿಗೆ ಯಾವ ಬಣ್ಣ, ಪಟ್ಟಿ ಎಷ್ಟು ಅಗಲ, ಹೆಸರು ಎಲ್ಲಿ, ಮೂತಿಯ ಹತ್ತಿರ ಬರೆಸುವ ಹುಲಿಯ ಬಾಲ ಮೇಲೋ ಕೆಳಗೋ, ಎಲ್ಲವನ್ನೂ ಮಾಲೀಕ ಹೇಳುತ್ತಿದ್ದ. ಹೇಳುವುದರಲ್ಲಿ ನನ್ನ ದೊಡ್ಡಪ್ಪನನ್ನು ಮೀರಿಸಿದವರು ದಡದಲ್ಲಿ ಇರಲಿಲ್ಲ. ಸೊಂಟದ ಮೇಲೆ ಎರಡೂ ಕೈ ಇಟ್ಟು ನಿಂತರೆಂದರೆ ಮುಗಿಯಿತು. "ಅಲ್ಲ ಮಾರಾಯ, ಹುಲಿಯ ಕಣ್ಣು ನನ್ನ ನೋಡ್ತಾ ಇಲ್ಲ, ಸರಿ ಮಾಡು" ಅನ್ನುವರು. ಮಾವ ಸರಿ ಮಾಡುತ್ತಿದ್ದರು. ದೊಡ್ಡಪ್ಪ ಎರಡು ಹೆಜ್ಜೆ ಆಚೆ ಹೋಗಿ ನಿಂತು, "ಈಗ ಅಲ್ಲೇ ನೋಡ್ತಾ ಉಳದೋತು" ಅನ್ನುವರು. ಮಾವ ಮತ್ತೆ ಸರಿ ಮಾಡುತ್ತಿದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ.

ತಳಕ್ಕೆ ಮಾತ್ರ ಯಾರೂ ಏನೂ ಹೇಳುತ್ತಿರಲಿಲ್ಲ. ಮರ ಕೆಡದಂತೆ ಗೇರೆಣ್ಣೆ ಬಳಿದು ಮೇಲೆ ಡಾಂಬರು ಹಚ್ಚಿ ಕಪ್ಪಾಗಿ ಬಿಟ್ಟುಬಿಡುವುದು. ಅದಕ್ಕೊಂದು ನಂಬಿಕೆಯೂ ಇತ್ತು. ದೋಣಿಯ ಹೊಟ್ಟೆಯನ್ನು ಚೆಂದ ಮಾಡಬಾರದು, ಮಾಡಿದರೆ ಅದಕ್ಕೆ ತೋರಿಸುವ ಆಸೆ ಹುಟ್ಟುತ್ತದೆ, ಸಮುದ್ರದ ನಡುವೆ ಮಗುಚಿ ತೋರಿಸುತ್ತದೆ. ಚಿಕ್ಕಂದಿನಲ್ಲಿ ದೋಣಿಯ ತಳಕ್ಕೆ ಸೀಮೆಸುಣ್ಣದಲ್ಲಿ ಗೀಚಿದ್ದಕ್ಕೆ ದೊಡ್ಡಪ್ಪನಿಂದ ಪೆಟ್ಟು ತಿಂದವನು ನಾನು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಬಿ.ಎ. ಮುಗಿದು ಒಂದು ವರ್ಷವಾಗಿತ್ತು. ಅರ್ಜಿ ಹಾಕಿದ ಕಡೆಯಿಂದೆಲ್ಲ ಮೌನ. ಮಳೆ ಬಿಟ್ಟ ಮೇಲೆ ದೊಡ್ಡಪ್ಪನ ದೋಣಿಗೇ ಹೋಗುವುದೆಂದು ತೀರ್ಮಾನವಾಗಿತ್ತು. ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ, ದೊಡ್ಡಪ್ಪ ಹೆಬಳೆಯ ನೆಂಟರ ಮನೆಗೆ ಹೋಗಿದ್ದಾಗ, ಮರೆತ ಹಗ್ಗ ಹುಡುಕುತ್ತ ನಮ್ಮ ದೋಣಿಯ ಮಡಲು ಸರಿಸಿದೆ. ತಳದ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು.

"ಯಾರು? ತಮನಾ? ಬಾ ಒಳಗೆ. ಮಡಲು ಮುಚ್ಚು ಮೊದ್ಲು" ಅಂದಿತು ಮಾವನ ದನಿ.

ಮೊಣಕೈ ಊರಿ ತೆವಳಿ, ಅವರ ಪಕ್ಕ ಅಂಗಾತ ಮಲಗಿದೆ. ಮೇಲೆ ನೋಡಿದೆ.

ಕಪ್ಪು ಇರಲಿಲ್ಲ. ಮೂತಿಯಿಂದ ಹಿಂಬದಿಯ ತನಕ ಇಡೀ ತಳ ಕಿತ್ತಳೆ ಬಣ್ಣದ ಸಂಜೆಯಾಗಿತ್ತು. ಆ ಸಂಜೆಯ ಅಡಿಯಲ್ಲಿ ನಮ್ಮ ಊರು. ಹೊಳೆಯ ಸೇತುವೆ, ಅದರ ಮೇಲೆ ಕುಮಟಾಕ್ಕೆ ಹೋಗುವ ಕೆಂಪು ಬಸ್ಸು, ಕಿಟಕಿಯಿಂದ ಹೊರಗೆ ಚಾಚಿದ ಒಂದು ಕೈ. ಸೈಕಲ್ ರಿಪೇರಿಯವನ ತಲೆಕೆಳಗಾದ ಸೈಕಲ್. ಸಾರಾಯಿ ಅಂಗಡಿಯ ಎದುರು ಚಪ್ಪಲಿ ಹುಡುಕುತ್ತಿರುವ ಒಬ್ಬ. ಬುಟ್ಟಿಯ ಮುಂದೆ ಕೂತ ಅತ್ತೆ, ಅವರ ಬೆನ್ನ ಹಿಂದೆ ಬಂಗಡೆ ಕಚ್ಚಿಕೊಂಡು ಓಡುವ ಬೆಕ್ಕು... ಒಂದೊಂದೂ ನನ್ನ ಮುಖಕ್ಕೆ ಒಂದು ಮೊಳ ದೂರದಲ್ಲಿ.

"ಮಾವಾ, ಇದು ಯಾರಿಗೆ?" ಅಂತ ಕೇಳಿದೆ ಕೊನೆಗೆ.

"ಮೀನಿಗೆ" ಅಂದರು. "ಅವು ಊರು ನೋಡಿದ್ದಿಲ್ಲ ಅಲ್ದಾ? ಬಲೆಗೆ ಬಿದ್ದು ಬರುದೇ ಬರುದು, ಬಂದ ಮೇಲೆ ನೋಡುಕೆ ಪುರುಸೊತ್ತು ಎಲ್ಲಿ? ಅದ್ಕೇ ಅಲ್ಲಿಗೇ ಕಳಸುದು."

ಅವರು ನಗಲಿಲ್ಲ. ಕೇದಗೆ ಬೇರಿನ ತುದಿಯನ್ನು ಜಜ್ಜಿ ಮಾಡಿದ ಕುಂಚದಿಂದ ಬೆಕ್ಕಿನ ಮೀಸೆ ಎಳೆಯುತ್ತಿದ್ದರು. ಹಿಂದಿನ ವರ್ಷಗಳಲ್ಲೂ ಬೇರೆ ಬೇರೆ ದೋಣಿಗಳ ತಳದಲ್ಲಿ ಒಂದು ಏಡಿ, ಒಂದು ದಾಸವಾಳ, ಅಂಗೈಯಷ್ಟು ಬರೆದು ಮೇಲೆ ಡಾಂಬರು ಬಳಿದಿದ್ದರಂತೆ. "ಈ ಸಲ ಡಾಂಬರು ಹಚ್ಚುಕೆ ಮನಸ್ಸಾಗ್ಲಿಲ್ಲ" ಅಂದರು. ದಡದಲ್ಲಿ ನಿಂತವರ ಕಣ್ಣಿಗೆ ಬೀಳುವ ಅಂಚನ್ನು ಮಾತ್ರ ಕಪ್ಪಾಗಿಯೇ ಉಳಿಸಿದ್ದರು.

ಆ ಹೊತ್ತು ಅವರ ಕೈ ಸಣ್ಣಗೆ ನಡುಗುತ್ತಿತ್ತು. ಹುಲಿ ಬರೆಯುವಾಗ ಕಂಬದ ಹಾಗೆ ನಿಲ್ಲುತ್ತಿದ್ದ ಕೈ ಅದು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಮೇಲೆ ಬರೆಯುದು ಅವ್ರು ಹೇಳಿದ್ದು ತಮಾ. ತಪ್ಪಾದ್ರೆ ಅವರ ತಪ್ಪು. ಇದು ಯಾರೂ ಕೇಳದ್ದು. ತಪ್ಪಾದ್ರೆ ನಂದೇ. ಹೆದ್ರಿಕೆ ಆಗ್ತದೆ ಮಾರಾಯ. ಆದ್ರೆ ಈ ಹೆದ್ರಿಕೆ ಇಲ್ದೇ ಇದ್ರೆ ನಾ ಬರೀ ಬಣ್ಣ ಹಚ್ಚುವವ, ಅಷ್ಟೇ."

ಕಾಲೇಜಿನಲ್ಲಿ ಸ್ವಾತಂತ್ರ್ಯದ ಮೇಲೆ ಹತ್ತು ಅಂಕದ ಉತ್ತರ ಬರೆದು ಬಂದವನು ನಾನು. ಅಂಗಾತ ಮಲಗಿ, ಕಣ್ಣಿಗೆ ಬಣ್ಣದ ಹನಿ ಬೀಳದಂತೆ ರೆಪ್ಪೆ ಕಿರಿದು ಮಾಡಿಕೊಂಡು, ಈ ಮಾತು ಕೇಳಿದೆ. ಯಾರಿಗೂ ಹೇಳುವುದಿಲ್ಲ ಅಂದೆ. ಹೇಳಲಿಲ್ಲ.

ದೋಣಿ ನೀರಿಗಿಳಿದ ದಿನ ಎಲ್ಲರೂ ತಲೆ ತಗ್ಗಿಸಿ ಭುಜ ಕೊಟ್ಟು ನೂಕಿದರು. ದೊಡ್ಡಪ್ಪ ಮುಂದೆ ನಿಂತು ಹುಲಿಯ ಕಣ್ಣು ನೋಡುತ್ತಿದ್ದರು. ನಮ್ಮ ಊರು ಯಾರಿಗೂ ಕಾಣದೆ ನೀರೊಳಗೆ ಹೋಯಿತು. ದೂರದಲ್ಲಿ ಬೀಡಿ ಸೇದುತ್ತ ನಿಂತಿದ್ದ ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಎಂಟನೆಯದೋ ಒಂಬತ್ತನೆಯದೋ ದಿನ. ದೊಡ್ಡಪ್ಪ, ನಾನು, ಇನ್ನಿಬ್ಬರು. ಮಧ್ಯಾಹ್ನ ತಿರುಗಿ ಬರುವಾಗ ಇಳಿತ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮರಳದಿಬ್ಬದ ಮೇಲೆ ಅಲೆಗಳು ಒಡೆಯುತ್ತಿದ್ದವು. ಪಶ್ಚಿಮದಿಂದ ಒಂದು ಮಳೆ ಬಂದು ಸಮುದ್ರವನ್ನೂ ಆಕಾಶವನ್ನೂ ಒಂದೇ ಬೂದಿ ಮಾಡಿತು. ನಮ್ಮ ಮುಂದಿದ್ದ ದೋಣಿಗಳು ಒಳಗೆ ಹೋಗಿಬಿಟ್ಟಿದ್ದವು. ಬಲೆಯ ಹಗ್ಗವನ್ನು ನಾನು ಸರಿಯಾಗಿ ಸುತ್ತಿಟ್ಟಿರಲಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು. ಅದರ ತುದಿ ಜಾರಿ ನೀರಿಗೆ ಬಿದ್ದು ಎಂಜಿನ್ನಿಗೆ ಸುತ್ತಿಕೊಂಡಿತು. ಎಂಜಿನ್ ಕೆಮ್ಮಿ ನಿಂತಿತು. ದೋಣಿ ಅಡ್ಡ ತಿರುಗಿತು. ಎಡಗಡೆಯಿಂದ ಅಲೆ ಎದ್ದದ್ದನ್ನು ನಾನು ನೋಡಿದೆ, ಪೂರ್ತಿ ನೋಡಿದೆ, ಅದರ ತುದಿಯ ನೊರೆಯನ್ನೂ. ದೊಡ್ಡಪ್ಪ ಏನೋ ಕೂಗುತ್ತಿದ್ದರು...

ನೀರಿನೊಳಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲಿಲ್ಲ. ಕೈಗೆ ಒಂದು ಮರ ಸಿಕ್ಕಿತು. ಮಗುಚಿದ ದೋಣಿಯ ತಳದ ನಡುವೆ ಉದ್ದಕ್ಕೂ ಉಬ್ಬಿರುವ ಮರ. ಹಿಡಿದು, ತಲೆ ಮೇಲೆತ್ತಿ, ಉಸಿರು ಎಳೆದೆ. ಕಣ್ಣೆದುರು ಅತ್ತೆ ಬುಟ್ಟಿಯ ಮುಂದೆ ಕೂತಿದ್ದರು.

ಇನ್ನಿಬ್ಬರು ಆಚೆ ತುದಿ ಹಿಡಿದಿದ್ದರು. ದೊಡ್ಡಪ್ಪ ನನ್ನ ಪಕ್ಕ ಏಳುತ್ತ ಬಂದರು. ಒಂದು ಕೈ ಹಲಗೆಗೆ ಹಾಕಿ, ಕೆಮ್ಮಿ, ಕಣ್ಣು ಬಿಟ್ಟು ನೋಡಿದರು. ಕಿತ್ತಳೆ. ಕೆಂಪು ಬಸ್ಸು. ಬೆಕ್ಕು.

"ಇದು ನಮ್ಮ ದೋಣಿ ಅಲ್ಲ!" ಎಂದು ಕೂಗಿದರು. "ನಮ್ಮದು ಎಲ್ಲಿ ಹೋತು?"

ಕೂಗಿ, ಕೈ ಬಿಟ್ಟರು.

ತಮ್ಮ ದೋಣಿಯ ತಳ ಕಪ್ಪು ಎಂದು ನಲವತ್ತು ವರ್ಷದಿಂದ ಗೊತ್ತಿದ್ದ ಮನುಷ್ಯ, ತಮ್ಮದೇ ದೋಣಿಯನ್ನು ಬಿಟ್ಟು ತಮ್ಮ ದೋಣಿ ಹುಡುಕಲು ಹೊರಟರು. ನಾನು ಅವರ ಅಂಗಿಯ ಕೊರಳಪಟ್ಟಿ ಹಿಡಿದೆ. ಈಗಲೂ ಅದು ಹರಿಯುವ ಸದ್ದು ನನಗೆ ಕೇಳುತ್ತದೆ. ಅರ್ಧ ಹರಿದು, ಅರ್ಧ ನಿಂತಿತು. "ದೊಡ್ಡಪ್ಪಾ, ನಮ್ಮದೇ! ಬಣ್ಣದ ಮಾವ ಬರ್ದದ್ದು! ನಂಗೆ ಗೊತ್ತಿತ್ತು!" ಎಂದು ಅವರ ಕಿವಿಗೆ ಕಿರುಚಿದೆ. ಅವರು ತಿರುಗಿ ನೋಡಿದರು. ಸಮುದ್ರದ ನಡುವೆ, ಸಾಯುವ ಹೊತ್ತಿನಲ್ಲಿ, ಆ ಮುಖದಲ್ಲಿ ಇದ್ದದ್ದು ಬರೀ ಸಿಟ್ಟು. ಆ ಸಿಟ್ಟಿನಲ್ಲೇ ಮತ್ತೆ ಮರ ಹಿಡಿದರು.

ಎಷ್ಟು ಹೊತ್ತು ಹಾಗಿದ್ದೆವೋ. ಒಂದು ದೋಣಿ ದೂರದಿಂದಲೇ, ನಮ್ಮನ್ನು ಕಾಣದೆ ದಾಟಿ ಹೋಯಿತು. ಕೂಗಿದ್ದು ಮಳೆಯಲ್ಲಿ ಕರಗಿತು. ಎರಡನೆಯದು ದಾಟುತ್ತ ದಾಟುತ್ತ ನಿಧಾನವಾಯಿತು. ತಿರುಗಿತು. ಅದು ಹೊಳೆಯ ಆಚೆ ದಡದ ಕಾಸರಕೋಡಿನ ದೋಣಿ. ಅದನ್ನು ನಡೆಸುವ ತಾಂಡೇಲನೇ ಹಗ್ಗ ಎಸೆದು, ನಮ್ಮ ನಾಲ್ವರನ್ನೂ ಒಬ್ಬೊಬ್ಬರಾಗಿ ಎಳೆದುಕೊಂಡ.

ಮರುದಿನ ಬೆಳಿಗ್ಗೆ ದಡದಲ್ಲಿ ಜನ ಸೇರಿದರು. ದೊಡ್ಡಪ್ಪ ಕಂಡದ್ದನ್ನು ಹೇಳಿಬಿಟ್ಟಿದ್ದರು. ಹೊಟ್ಟೆಗೆ ಚಿತ್ರ ಬರೆದಿದ್ದಾನೆ, ಅದಕ್ಕೇ ದೋಣಿ ಮಗುಚಿತು ಎಂಬ ಮಾತು ಮನೆಯಿಂದ ಮನೆಗೆ ಹೋಗಿ ಮುಗಿದಿತ್ತು. ಮಾವ ತಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

"ಬರ್ದದ್ದು ಹೌದಾ?" ಎಂದು ಕೇಳಿದ ಇನ್ನೊಬ್ಬ ದೋಣಿಯ ಮಾಲೀಕ.

"ಹೌದು."

"ಯಾರ ಕೇಳಿ?"

"ಯಾರನ್ನೂ ಕೇಳ್ಲಿಲ್ಲ."

"ನಾಲ್ಕು ಜನ ಸಾಯ್ತಿದ್ರಲ್ಲಾ! ಇನ್ನು ಯಾವ ದೋಣಿಗೂ ನೀ ಕೈ ಹಚ್ಚುಕಾಗ." ಹಾಗೆಂದು ಒಳಗೆ ನುಗ್ಗಿದ. ಬಣ್ಣದ ಡಬ್ಬಿಗಳು ಒಂದೊಂದಾಗಿ ಹೊಳೆಗೆ ಹೋದವು. ಕೇದಗೆ ಬೇರಿನ ಕುಂಚಗಳೂ ಹೋದವು. ಮಾವ ತಡೆಯಲಿಲ್ಲ. ನೀರಿನ ಮೇಲೆ ಹಸಿರು, ನೀಲಿ ಎಳೆ ಎಳೆಯಾಗಿ ಹರಡಿಕೊಳ್ಳುವುದನ್ನು ನೋಡುತ್ತ ನಿಂತಿದ್ದರು. ಅತ್ತೆಗೆ ಮಾತ್ರ ಸುಮ್ಮನಿರಲಾಗಲಿಲ್ಲ.

"ಅಲ್ಲಾ, ಎಂಜಿನ್ನಿಗೆ ಹಗ್ಗ ಸುತ್ತಿದ್ದೂ ಇವರ ಚಿತ್ರವೇ ಅನ್ನಿ! ಇಳಿತದ ಹೊತ್ತಿಗೆ ಅಳಿವೆ ದಾಟುಕೆ ಬಂದದ್ದೂ ಚಿತ್ರವೇ ಅನ್ನಿ! ಇಷ್ಟೆಲ್ಲ ಮಾಡುಕೆ ಬತ್ತಿದ್ರೆ ನಾ ಯಾಕೆ ಬಿಸಿಲಲ್ಲಿ ಕೂತು ಒಣಮೀನು ಮಾರ್ತಿದ್ದೆ?"

ಹಗ್ಗ ನನ್ನದು. ಬಾಯಿ ತೆರೆದೆ. "ಹಗ್ಗ ಸರಿ ಇಡದೇ ಇದ್ದದ್ದು ನಾನು" ಅಂದೆ. "ಚಿತ್ರ ಇದ್ದದ್ದೂ ನಂಗೆ ಗೊತ್ತಿತ್ತು." ಎಲ್ಲರೂ ನನ್ನ ಕಡೆ ತಿರುಗಿದರು. ಮರದ ದಿಮ್ಮಿಯ ಮೇಲೆ ಕೂತಿದ್ದ ದೊಡ್ಡಪ್ಪ ಮಾತ್ರ ನೆಲ ನೋಡುತ್ತ, "ನನ್ನ ದೋಣಿ. ನನ್ನನ್ನೇ ಕೇಳದೇ..." ಅಂದರು.

ಆಗ ಹೊಳೆಯ ಕಡೆಯಿಂದ ಎಂಜಿನ್ನಿನ ಸದ್ದು ಕೇಳಿಸಿತು. ನೀರು ಏರುವ ಭರತಕ್ಕೆ ಕಾದು, ಕಾಸರಕೋಡಿನ ತಾಂಡೇಲ ದಿಬ್ಬಕ್ಕೆ ಸಿಕ್ಕಿಕೊಂಡಿದ್ದ ನಮ್ಮ ದೋಣಿಯನ್ನು ಮಗುಚಿದ ಹಾಗೆಯೇ ಎಳೆದುಕೊಂಡು ಬಂದಿದ್ದ. ಹತ್ತಾರು ಜನ ನೀರಿಗಿಳಿದು ಮರಳಿನ ಮೇಲಕ್ಕೆ ಎಳೆದರು. ಹಿಂದಿನ ದಿನದ ಮಳೆ ಪೂರ್ತಿ ಹೋಗಿ ಬಿಸಿಲು ಬಂದಿತ್ತು. ಒದ್ದೆ ಕಿತ್ತಳೆ ಬಣ್ಣ ಆ ಬಿಸಿಲಿಗೆ ಹೇಗೆ ಹೊಳೆಯಿತೆಂದರೆ, ಅಷ್ಟು ಹೊತ್ತು ಬೈಯುತ್ತಿದ್ದವರೂ ಒಂದು ಹೆಜ್ಜೆ ಹಿಂದೆ ಸರಿದರು.

ತಾಂಡೇಲ ಬೆವರು ಒರೆಸುತ್ತ, "ಇದ್ನ ಬರ್ದವ್ರು ಯಾರು?" ಅಂದ.

"ಯಾಕೆ, ನೀನೂ ಹೊಡೆಯುಕಾ?" ಅಂದರು ಅತ್ತೆ.

"ಹೊಡೆಯುದಾ? ಕೈ ಮುಗಿಯುಕೆ" ಅಂದ ತಾಂಡೇಲ. "ಆ ಮಳೆಯಲ್ಲಿ ತಲೆ ಕಾಣ್ಲಿಲ್ಲ, ಕೂಗು ಕೇಳ್ಲಿಲ್ಲ. ಸಂಜೆ ಆಗುಕೆ ಮೊದ್ಲೇ ನೀರಿನ ಮೇಲೆ ಸಂಜೆ ಬಿದ್ದದ್ದು ಎಂತ ಅಂತ ದೋಣಿ ತಿರುಗಿಸ್ದೆ. ಹತ್ರ ಹೋದ್ರೆ ಒಂದು ಬಸ್ಸು! ನನಗೇ ಮರುಳು ಹಿಡೀತು ಅಂತ ನಗು ಬಂತು. ಆಮೇಲೆ ಬಸ್ಸಿನ ಪಕ್ಕ ಈ ತಮ್ಮನ ತಲೆ ಕಾಣ್ತು. ಕಪ್ಪು ತಳ ಆಗಿದ್ರೆ? ಮುಂದೆ ಹೋದವ್ರು ಕಂಡ್ರಾ? ನಾನೂ ಹಾಗೇ ಹೋಗ್ತಿದ್ದೆ."

ದೋಣಿಯ ಹೊಟ್ಟೆಯನ್ನು ಹಗಲು ಬೆಳಕಿನಲ್ಲಿ, ನೆಲದ ಮೇಲೆ ನಿಂತು ಯಾರೂ ಹಾಗೆ ನೋಡಿದ್ದೇ ಇರಲಿಲ್ಲ. ಮೊದಲು ಸೈಕಲ್ ರಿಪೇರಿಯವನು ಬಗ್ಗಿದ. "ಹೋಯ್, ಇದು ನಾನು!" ಅಂದ. ಯಾರೋ ಸಾರಾಯಿ ಅಂಗಡಿಯ ಎದುರಿನವನನ್ನು ಗುರುತಿಸಿ ಅವನ ಹೆಸರು ಹಿಡಿದು ಕೂಗಿದರು, ಅವನು ಗುಂಪಿನಿಂದ ಮೆಲ್ಲಗೆ ಜಾರಿದ. ದೋಣಿಗಳ ಹತ್ತಿರ ಬಾರದ ಹೆಂಗಸರೂ ಬಂದರು. ಅತ್ತೆ ತಮ್ಮ ಚಿತ್ರದ ಮುಂದೆ ಕೂತು, "ಬೆಕ್ಕು ಒಯ್ಯುದು ಕಂಡೂ ನಂಗೆ ಹೇಳ್ಲಿಲ್ವಲ್ಲ ಇವ್ರು" ಅಂದರು, ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಡಬ್ಬಿ ಎಸೆದಿದ್ದ ಮಾಲೀಕ ಏನು ಮಾಡುವುದೆಂದು ತಿಳಿಯದೆ ಅಂಗೈಗೆ ಹತ್ತಿದ ಹಸಿರು ಬಣ್ಣವನ್ನು ಪಂಚೆಗೆ ಒರೆಸುತ್ತಿದ್ದ.

ಕೊನೆಗೆ ದೊಡ್ಡಪ್ಪ ಎದ್ದು ಬಂದರು. ಸೇತುವೆಯಿಂದ ಬಸ್ಸಿಗೆ, ಬಸ್ಸಿನಿಂದ ದಡಕ್ಕೆ ಬೆರಳು ಇಟ್ಟುಕೊಂಡು ಹೋದರು. ಚಿತ್ರದ ಆ ದಡದಲ್ಲಿ ಒಂದು ದೋಣಿ ಇತ್ತು. ದೋಣಿಯ ಮುಂದೆ ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತ ಒಬ್ಬ ಪುಟ್ಟ ಮನುಷ್ಯ. ಅವನ ಮುಖದಲ್ಲಿ ಇದ್ದದ್ದು ಬಾಯಿ ಒಂದೇ. ಅಷ್ಟು ದೊಡ್ಡದಾಗಿ ತೆರೆದಿತ್ತು.

ಸುತ್ತ ನಿಂತವರು ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ ನೋಡಿದರು.

"ನನ್ನ ಬಾಯಿ ಇಷ್ಟು ದೊಡ್ಡದಾ?" ಅಂದರು ದೊಡ್ಡಪ್ಪ.

"ಜಾಗ ಸಾಲ್ಲಿಲ್ಲ. ಸಣ್ಣ ಮಾಡಿದ್ದು" ಅಂದರು ಮಾವ.

ಮೊದಲು ನಕ್ಕವರು ದೊಡ್ಡಪ್ಪನೇ. ನಗುತ್ತ ನಗುತ್ತ ಅವರಿಗೆ ಕೆಮ್ಮು ಬಂತು, ಕೆಮ್ಮಿನ ಜೊತೆ ಅಳು ಬಂತು, ಅವರು ಆ ಮಗುಚಿದ ದೋಣಿಯ ಮೇಲೆಯೇ ಕವುಚಿ ಬಿದ್ದು ಹಿಂದಿನ ದಿನ ಹಿಡಿದಿದ್ದ ಮರವನ್ನೇ ಮತ್ತೆ ಹಿಡಿದುಕೊಂಡರು. ಇಡೀ ದಡ ನಗುತ್ತಿತ್ತು. ಅವರು ಅಳುವುದು ಹತ್ತಿರವಿದ್ದ ನನಗೆ, ಮಾವನಿಗೆ ಮಾತ್ರ ಕಂಡಿತು.

ಮೂರು ದಿನ ಆ ದೋಣಿಯನ್ನು ಯಾರೂ ತಿರುಗಿಸಲಿಲ್ಲ. ಪೇಟೆಯಿಂದ ಜನ ನೋಡಲು ಬಂದರು. ನಾಲ್ಕನೆಯ ದಿನ ಉಳಿದ ಮಾಲೀಕರೆಲ್ಲ ಮಾವನ ಶೆಡ್ಡಿಗೆ ಬಂದರು, ಹೊಸ ಡಬ್ಬಿಗಳನ್ನು ಹೊತ್ತುಕೊಂಡು. ನಮ್ಮ ದೋಣಿಗೂ ಇದೇ ಚಿತ್ರ ಬೇಕು ಅಂದರು. ಇದೇ ಸೇತುವೆ, ಇದೇ ಬಸ್ಸು, ಬೆಕ್ಕು ಬಿಡಬಾರದು, ಅದು ಒಳ್ಳೆಯ ಶಕುನ. ಇಷ್ಟು ದೊಡ್ಡ ಗೆಲುವಿಗೆ ಬೇರೆ ಯಾರಾದರೂ ಒಪ್ಪಿಕೊಂಡುಬಿಡುತ್ತಿದ್ದರು. ಮಾವ ತಲೆ ಅಲ್ಲಾಡಿಸಿದರು.

"ಕಿತ್ತಳೆ ಎಲ್ಲರ ತಳಕ್ಕೂ ಹಚ್ಚಿ ಕೊಡ್ತೆ. ಅದು ಜೀವದ ವಿಷಯ. ಚಿತ್ರ ಮಾತ್ರ ಕೇಳ್ಬೇಡಿ. ನೀವು ಕೇಳಿದ್ರೆ ಅದು ಮೇಲಿನ ಹುಲಿ ಆಗ್ತದೆ. ಬರೆಯುದಾದ್ರೆ ನಂಗೆ ತೋಚಿದ್ದು ಬರೆತೆ, ತೋಚದೇ ಇದ್ರೆ ಬರೀ ಬಣ್ಣ. ಆತಾ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಜೊತೆ ಬಂದಿದ್ದ ದೊಡ್ಡಪ್ಪ ಮುಂದೆ ಬಂದು, "ಮೇಲಿಂದು ನಮ್ಮದು, ಕೆಳಗಿಂದು ನಿಂದು. ಆತು" ಅಂದರು. ಅಷ್ಟು ಹೇಳಿ, ಸೊಂಟದಿಂದ ಕೈ ತೆಗೆದು, ದೋಣಿಗಳ ಸಾಲಿಗೆ ಬೆನ್ನು ತಿರುಗಿಸಿ ನಿಂತರು. ಉಳಿದವರೂ ತಿರುಗಿದರು. ಅಂದಿನಿಂದ ಅದೇ ರೂಢಿಯಾಯಿತು. ಮಾವ ತಳಕ್ಕೆ ಕೈ ಹಚ್ಚುವ ದಿನ ಮಾಲೀಕ ಬಂದು, ಕುಂಚ ಕೊಟ್ಟು, ಬೆನ್ನು ತಿರುಗಿಸಿ ಹೋಗುವುದು. ಏನು ಬರೆದೆ ಎಂದು ಕೇಳುವಂತಿಲ್ಲ.

ಆಮೇಲಿನ ಆರೇಳು ವರ್ಷ ಅವರು ಬರೆದದ್ದನ್ನು ನೋಡಿದವರು ಕಡಿಮೆ. ನಾನು ನೋಡಿದ್ದು ಕೆಲವೇ. ಒಂದರ ತಳದಲ್ಲಿ ಸಂತೆಗುಳಿಯ ಕಡೆಯ ಮದುವೆ ದಿಬ್ಬಣ. ಇನ್ನೊಂದರಲ್ಲಿ ಇಡೀ ತಳಕ್ಕೆ ಒಂದೇ ಒಂದು ಮಲಗಿದ ಎಮ್ಮೆ. ಒಂದರಲ್ಲಿ ಬರೀ ಕಿತ್ತಳೆ, ಯಾಕೆಂದರೆ ಆ ವರ್ಷ ಏನೂ ತೋಚಲಿಲ್ಲ. ಅದನ್ನೂ ನಗುತ್ತಲೇ ಹೇಳಿದರು. ಕೈ ಮಾತ್ರ ಕೊನೆಯ ತನಕ ತಳದಲ್ಲಿ ನಡುಗುತ್ತಿತ್ತು, ಮೇಲೆ ನಡುಗುತ್ತಿರಲಿಲ್ಲ.

ನಾನು ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ಹೋಗಲಾಗಲಿಲ್ಲ. ಕುಮಟಾದಲ್ಲಿ ಕೆಲಸ ಸಿಕ್ಕಿತು, ಇಲ್ಲೇ ಉಳಿದೆ. ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್ ದೋಣಿಗಳು ಬಂದವು. ಬಣ್ಣ ಅಚ್ಚಿನಲ್ಲೇ ಬರುತ್ತಿತ್ತು. ಒಂದು ಮಳೆಗಾಲದ ನಡುವೆ ಮಾವ ತೀರಿಹೋದರು. ಸುದ್ದಿ ತಿಳಿದು ನಾನು ಹೊನ್ನಾವರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶೆಡ್ಡಿನಲ್ಲಿ ಒಣಗಿದ ಕುಂಚಗಳಿದ್ದವು, ಮತ್ತೆ ಅದೇ ವಾಸನೆ...

ಆ ಅಲೆ ಇನ್ನೂ ಬರುತ್ತದೆ. ಬಸ್ಸಿನಲ್ಲಿ ಕೂತಾಗ, ಊಟದ ನಡುವೆ. ಪ್ರತಿ ಸಲವೂ ನಾನು ತಳವನ್ನು ಕಪ್ಪು ಮಾಡಿ ನೋಡುತ್ತೇನೆ. ಕಪ್ಪು ತಳ, ಬೂದಿ ಸಮುದ್ರ, ದಾಟಿ ಹೋಗುವ ಎರಡನೆಯ ದೋಣಿ. ಅಲ್ಲಿಗೆ ಬಂದು ಉಸಿರು ನಿಲ್ಲುತ್ತದೆ. ಆಮೇಲೆ ಕಿತ್ತಳೆ ಬರುತ್ತದೆ. ಬರದೇ ಇದ್ದದ್ದು ಇಲ್ಲ.

ಗೇಟು ಈಗ ಕಿತ್ತಳೆಯೇ. "ಕಂದು ತರ್ತೆ ಅಂದವ್ರು ಎಂತ ತಂದ್ರಿ? ಬಸ್ ಸ್ಟ್ಯಾಂಡಿಂದಲೇ ಕಾಣ್ತದೆ" ಅಂದಳು ನನ್ನ ಹೆಂಡತಿ. ಕಾಣಲಿ ಅಂದೆ.

ದೊಡ್ಡಪ್ಪ ತಮ್ಮ ಹಳೆಯ ದೋಣಿಯನ್ನು ಒಡೆಸಿದಾಗ ಒಂದು ಹಲಗೆಯನ್ನು ನನಗೆ ಕಳಿಸಿದ್ದರು. ಅದರಲ್ಲಿ ಬಸ್ಸಿನ ಹಿಂಭಾಗವಿದೆ, ಅತ್ತೆಯ ಬುಟ್ಟಿಯಿದೆ, ಓಡುವ ಬೆಕ್ಕು ಪೂರ್ತಿ ಇದೆ. ಗೋಡೆಗೆ ತೂಗುಹಾಕು ಎಂದು ಎಲ್ಲರೂ ಹೇಳಿದರು. ನಾನು ಅದನ್ನು ಎತ್ತರದ ಕಾಲುಗಳ ಪುಸ್ತಕದ ಕಪಾಟಿಗೆ ಕೆಳಗಿನ ಹಲಗೆ ಮಾಡಿಸಿದೆ, ಚಿತ್ರದ ಮೈ ನೆಲದ ಕಡೆಗೆ. ಮನೆಗೆ ಬಂದವರಿಗೆ ಪುಸ್ತಕಗಳು ಮಾತ್ರ ಕಾಣುತ್ತವೆ. ಅಂಗಡಿಯಿಂದ ಡಬ್ಬಿ ತಂದ ಆ ಸಂಜೆ ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಕಪಾಟಿನ ಅಡಿಗೆ ಜಾರಿಸಿದೆ. ಪಕ್ಕದಲ್ಲಿ ಇರಬೇಕಾದವರು ಇರಲಿಲ್ಲ. ಮೇಲೆ ನೋಡಿದೆ. ಒಂದು ಮೊಳ ದೂರದಲ್ಲಿ ನಮ್ಮ ಊರು ಹಾಗೇ ಇತ್ತು.